ಮಹಿಳಾ ವಿಭಾಗದ ಗೆರೆ: ಕ್ರೀಡಾಕಣದಲ್ಲಿ ಲಿಂಗಪರೀಕ್ಷೆ ಮತ್ತು ಲಿಂಗಪರಿವರ್ತಿತ ಮಹಿಳೆಯರ ಪ್ರಶ್ನೆ – ಕರಾವಳಿಯಿಂದ ಒಂದು ಅವಲೋಕನ

ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲಾಗಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಾಗಲಿ ನಡೆಯುವ ಅಥ್ಲೆಟಿಕ್ ಕೂಟಗಳ ಪ್ರವೇಶಪತ್ರದಲ್ಲಿ ಸಾಮಾನ್ಯವಾಗಿ ಎರಡೇ ವಿಭಾಗಗಳಿರುತ್ತವೆ: ಪುರುಷರು ಮತ್ತು ಮಹಿಳೆಯರು, ಶಾಲಾ ಮಟ್ಟದಲ್ಲಾದರೆ ಬಾಲಕರು ಮತ್ತು ಬಾಲಕಿಯರು. ಈ ವಿಂಗಡಣೆ ನಮಗೆ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ ಅದಕ್ಕೂ ಒಂದು ಚರಿತ್ರೆಯಿದೆ ಎಂಬುದು ಮರೆತುಹೋಗುತ್ತದೆ. ಹುಟ್ಟಿನಲ್ಲಿ ಗಂಡೆಂದು ದಾಖಲಾಗಿ ಅನಂತರ ಹೆಣ್ಣಾಗಿ ಬಾಳುತ್ತಿರುವ ವ್ಯಕ್ತಿಯೊಬ್ಬರು ಮಹಿಳಾ ವಿಭಾಗದಲ್ಲಿ ಹೆಸರು ಬರೆಸಲು ಬಂದಾಗ ಈ ಗೆರೆಯನ್ನು ಎಳೆದವರು ಯಾರು, ಯಾವ ಆಧಾರದಿಂದ ಎಳೆದರು, ಅದರ ಕಾವಲಿಗೆ ಯಾರನ್ನು ನೇಮಿಸಿದರು ಎಂಬ ಪ್ರಶ್ನೆಗಳು ಒಮ್ಮೆಲೇ ಎದುರಾಗುತ್ತವೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಕಳೆದ ನೂರು ವರ್ಷಗಳ ಕ್ರೀಡಾಚರಿತ್ರೆಯ ಬೆಳಕಿನಲ್ಲಿ, ಕರ್ನಾಟಕದ ಕರಾವಳಿ ಹಾಗೂ ಅದರ ನೆರೆಯ ಪ್ರದೇಶಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಯತ್ನಿಸಲಾಗಿದೆ.

ಮೊದಲಿಗೆ ಪರಿಭಾಷೆಯ ಕುರಿತು ಒಂದು ಮಾತು. ಕನ್ನಡ ಪತ್ರಿಕೆಗಳಲ್ಲಿ ಮಂಗಳಮುಖಿ, ತೃತೀಯ ಲಿಂಗಿ, ಲಿಂಗತ್ವ ಅಲ್ಪಸಂಖ್ಯಾತರು ಎಂಬ ಪದಗಳು ಒಂದರ ಬದಲಿಗೆ ಮತ್ತೊಂದು ಎಂಬಂತೆ ಬಳಕೆಯಾಗುತ್ತಿವೆ. ಉತ್ತರ ಕರ್ನಾಟಕದ ಜೋಗಪ್ಪ–ಜೋಗತಿ ಪರಂಪರೆ ಇವುಗಳಿಗಿಂತ ಭಿನ್ನವಾದ, ಎಲ್ಲಮ್ಮನ ಆರಾಧನೆಗೆ ಹೆಣೆದುಕೊಂಡ ಸಂಗತಿ. ಕ್ರೀಡೆಯ ಚರ್ಚೆಯಲ್ಲಿ ಮುಖ್ಯವಾಗಿ ಎರಡು ವರ್ಗಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಗಂಡುದೇಹದಲ್ಲಿ ಹುಟ್ಟಿ ತಮ್ಮನ್ನು ಹೆಣ್ಣೆಂದು ಗುರುತಿಸಿಕೊಂಡವರು ಲಿಂಗಪರಿವರ್ತಿತ ಮಹಿಳೆಯರು. ಹೆಣ್ಣೆಂದೇ ದಾಖಲಾಗಿ, ಹೆಣ್ಣಾಗಿಯೇ ಬೆಳೆದು, ವರ್ಣತಂತು ಅಥವಾ ಹಾರ್ಮೋನುಗಳಲ್ಲಿ ಜನ್ಮಜಾತ ವ್ಯತ್ಯಾಸವುಳ್ಳವರು ಅಂತರಲಿಂಗಿ ಮಹಿಳೆಯರು. ಇವರಲ್ಲಿ ಹಲವರಿಗೆ ತಮ್ಮ ದೇಹದ ಈ ವಿಶೇಷ ತಿಳಿದಿರುವುದೇ ಇಲ್ಲ. ಭಾರತದಲ್ಲಿ ಹೆಸರು ಕೆಡಿಸಿಕೊಂಡು ಮನೆಗೆ ಮರಳಬೇಕಾಗಿ ಬಂದ ಓಟಗಾರ್ತಿಯರಲ್ಲಿ ಹೆಚ್ಚಿನವರು ಎರಡನೆಯ ವರ್ಗಕ್ಕೆ ಸೇರಿದವರು. ಈ ಭೇದವನ್ನು ಮರೆತು ಬರೆದ ವರದಿಗಳು ಎರಡೂ ವರ್ಗದವರಿಗೆ ಅನ್ಯಾಯ ಮಾಡಿವೆ.

ಗೆರೆಯ ಚರಿತ್ರೆ

ಆಧುನಿಕ ಒಲಿಂಪಿಕ್ಸ್‌ನಲ್ಲಿ ಮಹಿಳಾ ಅಥ್ಲೆಟಿಕ್ಸ್ ಪ್ರವೇಶ ಪಡೆದುದು 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ, ಕೇವಲ ಐದು ಸ್ಪರ್ಧೆಗಳೊಂದಿಗೆ. ಅಲ್ಲಿ 800 ಮೀಟರ್ ಓಡಿದ ಹೆಂಗಸರು ದಣಿದುದನ್ನು ಕಂಡ ಅಧಿಕಾರಿಗಳು ಆ ಓಟವನ್ನೇ ಕೈಬಿಟ್ಟರು. ಅದು ಮರಳಿ ಬಂದುದು 1960ರಲ್ಲಿ. ಮಹಿಳಾ ವಿಭಾಗವು ಮೊದಲಿನಿಂದಲೂ ಎರಡು ವಿರುದ್ಧ ಸಂಶಯಗಳ ನಡುವೆ ಬೆಳೆಯಿತೆನ್ನಬಹುದು: ಹೆಂಗಸರು ಇಷ್ಟು ಓಡಬಲ್ಲರೇ ಎಂಬುದು ಒಂದು, ಇಷ್ಟು ಓಡುವವಳು ಹೆಂಗಸೇ ಎಂಬುದು ಮತ್ತೊಂದು. ಭಾರತದ ಮಹಿಳೆಯರು ಒಲಿಂಪಿಕ್ ಟ್ರ್ಯಾಕಿಗೆ ಇಳಿದುದು 1952ರ ಹೆಲ್ಸಿಂಕಿಯಲ್ಲಿ, ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ಅವರೊಂದಿಗೆ. ಆ ಹೊತ್ತಿಗಾಗಲೇ ಸ್ಪರ್ಧಿಗಳು ಹೆಣ್ಣೆಂಬ ವೈದ್ಯಕೀಯ ಪ್ರಮಾಣಪತ್ರ ತರಬೇಕೆಂಬ ನಿಯಮ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್‌ನಲ್ಲಿ ಬಂದಿತ್ತು.

1966ರ ಬುಡಾಪೆಸ್ಟ್ ಯುರೋಪಿಯನ್ ಕೂಟದಲ್ಲಿ ಪ್ರಮಾಣಪತ್ರ ಸಾಲದೆಂದು ಓಟಗಾರ್ತಿಯರನ್ನು ವೈದ್ಯರ ಮುಂದೆ ವಿವಸ್ತ್ರವಾಗಿ ನಿಲ್ಲಿಸಲಾಯಿತು. ಇದರ ವಿರುದ್ಧ ಆಕ್ಷೇಪ ಬಂದಾಗ, 1968ರಿಂದ ಕೆನ್ನೆಯ ಒಳಗಿನ ಜೀವಕೋಶಗಳನ್ನು ತೆಗೆದು ವರ್ಣತಂತುವನ್ನು ನೋಡುವ ಪದ್ಧತಿಯನ್ನು ಒಲಿಂಪಿಕ್ಸ್‌ನಲ್ಲಿ ಜಾರಿಗೆ ತರಲಾಯಿತು. ಪೋಲೆಂಡಿನ ಎವಾ ಕ್ಲೊಬುಕೊವ್ಸ್ಕಾ 1967ರಲ್ಲಿಯೂ ಸ್ಪೇನಿನ ಮರಿಯಾ ಹೊಸೆ ಮಾರ್ಟಿನೆಜ್ ಪಾಟಿನ್ಯೊ 1985ರಲ್ಲಿಯೂ ಇಂತಹ ಪರೀಕ್ಷೆಗಳಿಗೆ ಬಲಿಯಾದರು. ಪಾಟಿನ್ಯೊ ಅವರ ದೇಹ ಪುರುಷ ಹಾರ್ಮೋನಿಗೆ ಸ್ಪಂದಿಸುವಂಥದ್ದೇ ಆಗಿರಲಿಲ್ಲ. ಮೂರು ವರ್ಷ ಹೋರಾಡಿ 1988ರಲ್ಲಿ ಆಕೆ ತಮ್ಮ ಅರ್ಹತೆಯನ್ನು ಮರಳಿ ಪಡೆದರು, ಆದರೆ ಓಟದ ವಯಸ್ಸು ಆ ವೇಳೆಗೆ ಕಳೆದಿತ್ತು.

ಕರ್ನಾಟಕದ ವಂದನಾ ರಾವ್ ಅವರು ಪಿ.ಟಿ. ಉಷಾ, ಶೈನಿ ಅಬ್ರಹಾಂ, ಎಂ.ಡಿ. ವಲ್ಸಮ್ಮ ಅವರೊಡನೆ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 4×400 ಮೀಟರ್ ರಿಲೇ ಅಂತಿಮ ಸ್ಪರ್ಧೆಯಲ್ಲಿ ಏಳನೆಯ ಸ್ಥಾನ ಗಳಿಸಿದುದು, 1986ರ ಸೋಲ್ ಏಷ್ಯಾಡ್‌ನಲ್ಲಿ ಇದೇ ನಾಲ್ವರು ಚಿನ್ನ ಗೆದ್ದುದು ನಮ್ಮ ಕ್ರೀಡಾಗ್ರಂಥಗಳಲ್ಲೆಲ್ಲ ಇದೆ. ಆ ಕಾಲದ ಒಲಿಂಪಿಕ್ಸ್‌ನಲ್ಲಿ ಓಡಬೇಕಾದರೆ ಮಹಿಳೆಯರಿಗೆ ಲಿಂಗಪರೀಕ್ಷೆ ಕಡ್ಡಾಯವಾಗಿತ್ತೆಂಬುದು ಮಾತ್ರ ಅವುಗಳಲ್ಲಿ ಅಪರೂಪ. ಪುರುಷ ಓಟಗಾರರಿಗೆ ಇಂತಹ ಯಾವ ಪತ್ರವೂ ಬೇಕಿರಲಿಲ್ಲ. ಪದಕದ ಚರಿತ್ರೆಯ ಪಕ್ಕದಲ್ಲಿಯೇ ಸಾಗಿಬಂದ ಈ ಎರಡನೆಯ ಚರಿತ್ರೆಯನ್ನು ನಾವು ದಾಖಲಿಸಿಕೊಳ್ಳದೆ ಬಿಟ್ಟಿದ್ದೇವೆ.

1996ರ ಅಟ್ಲಾಂಟಾ ಕೂಟದಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಲಾಗಿ ಎಂಟು ಮಂದಿಯಲ್ಲಿ ಪುರುಷ ವರ್ಣತಂತುವಿನ ಅಂಶ ಕಂಡುಬಂತು. ವೈದ್ಯಕೀಯ ವಿವರಗಳನ್ನು ಪರಿಶೀಲಿಸಿದ ಬಳಿಕ ಎಂಟೂ ಮಂದಿಗೆ ಸ್ಪರ್ಧಿಸಲು ಅವಕಾಶ ನೀಡಲಾಯಿತು. ಮೂರು ಸಾವಿರಕ್ಕೂ ಮಿಕ್ಕಿದ ಸ್ಪರ್ಧಿಗಳಲ್ಲಿ ಹೆಣ್ಣಿನ ವೇಷ ಧರಿಸಿದ ಗಂಡಸು ಒಬ್ಬನೂ ಸಿಕ್ಕಿರಲಿಲ್ಲ. 1999ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಾಮೂಹಿಕ ಪರೀಕ್ಷೆಯನ್ನು ಕೈಬಿಟ್ಟಿತು. ಅನುಮಾನ ಬಂದವರನ್ನು ಮಾತ್ರ ಪರೀಕ್ಷಿಸುವ ಪದ್ಧತಿ ಉಳಿಯಿತು. ಮೇಲುನೋಟಕ್ಕೆ ಇದು ಉದಾರವಾಗಿ ಕಂಡರೂ ಪರಿಣಾಮದಲ್ಲಿ ಹೆಚ್ಚು ಕ್ರೂರವಾಯಿತು ಎಂಬುದು ಈ ಲೇಖಕನ ಅಭಿಪ್ರಾಯ. ಎಲ್ಲರನ್ನೂ ಪರೀಕ್ಷಿಸುವಾಗ ಯಾರ ಮೇಲೂ ಬೆರಳು ತೋರಿಸಬೇಕಾಗಿರಲಿಲ್ಲ. ಅನುಮಾನವೇ ಆಧಾರವಾದಾಗ ಹೆಗಲು ಅಗಲವಾದವಳು, ದನಿ ಗಡುಸಾದವಳು, ಅಂದರೆ ಹೆಚ್ಚಾಗಿ ದುಡಿಮೆಯ ಮನೆಗಳಿಂದ ಬಂದ ಕಪ್ಪು ಮೈಬಣ್ಣದ ಹುಡುಗಿಯರು ಎದುರಾಳಿಯ ದೂರಿಗೆ ಗುರಿಯಾದರು.

ದಕ್ಷಿಣದ ಎರಡು ಪ್ರಸಂಗಗಳು, ಒಡಿಶಾದ ಒಂದು

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಕತ್ತಕುರಿಚ್ಚಿಯ ಶಾಂತಿ ಸೌಂದರಾಜನ್ ಅವರು 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯಾಡ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಕೆಲವೇ ದಿನಗಳಲ್ಲಿ ಲಿಂಗಪರೀಕ್ಷೆಯಲ್ಲಿ ಅನುತ್ತೀರ್ಣರಾದರೆಂಬ ಸುದ್ದಿ ಬಹಿರಂಗವಾಗಿ ಪದಕ ಕೈತಪ್ಪಿತು. ಗೌಪ್ಯವಾಗಿ ಉಳಿಯಬೇಕಾದ ವೈದ್ಯಕೀಯ ಮಾಹಿತಿಯು ದೂರದರ್ಶನದ ತಲೆಬರಹವಾಯಿತು. ಆಕೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದರು. ಇಟ್ಟಿಗೆಗೂಡಿನಲ್ಲಿ ದಿನಗೂಲಿ ಮಾಡಿದರು. ಅನಂತರ ಬೆಂಗಳೂರಿನ ರಾಷ್ಟ್ರೀಯ ಕ್ರೀಡಾ ತರಬೇತಿ ಕೇಂದ್ರದಲ್ಲಿ ತರಬೇತುದಾರರ ಡಿಪ್ಲೊಮಾ ವ್ಯಾಸಂಗ ಮಾಡಿ, ಮುಂದೆ ತಮಿಳುನಾಡು ಸರಕಾರದ ತರಬೇತುದಾರರಾದರು. ಓಡಲು ಅನರ್ಹಳೆಂದ ವ್ಯವಸ್ಥೆಯೇ ಓಡಿಸಲು ಅರ್ಹಳೆಂದು ಒಪ್ಪಿಕೊಂಡುದರಲ್ಲಿ ಒಂದು ವಿಚಿತ್ರವಾದ ನ್ಯಾಯವಿದೆ. ಶಾಂತಿ ಅವರು ಲಿಂಗಪರಿವರ್ತಿತರಲ್ಲ. ಆದರೂ ಈ ಚರ್ಚೆಯಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಗೆರೆಯನ್ನು ಕಾಯುವ ಕೋಲು ಮೊದಲು ಬಿದ್ದುದು ಇಂಥವರ ಬೆನ್ನಿನ ಮೇಲೆ.

ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಂದ್ ಅವರದು ಇದರ ಮುಂದಿನ ಅಧ್ಯಾಯ. 2011ರಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಲಿಂಗಪರೀಕ್ಷೆಯ ಬದಲು ಟೆಸ್ಟೋಸ್ಟಿರಾನ್ ಪ್ರಮಾಣವನ್ನೇ ಗೆರೆಯಾಗಿಸಿ, ಲೀಟರಿಗೆ 10 ನ್ಯಾನೊಮೋಲ್ ಎಂಬ ಮಿತಿ ಹಾಕಿತು. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಮುನ್ನ ದ್ಯುತಿ ಅವರನ್ನು ಇದೇ ಕಾರಣಕ್ಕೆ ತಂಡದಿಂದ ಕೈಬಿಡಲಾಯಿತು. ಔಷಧ ಸೇವಿಸಿ ದೇಹವನ್ನು ತಿದ್ದಿಕೊಳ್ಳಲು ಒಪ್ಪದ ಆಕೆ ಲೋಸಾನ್‌ನ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿದರು. 2015ರ ಜುಲೈನಲ್ಲಿ ಮಂಡಳಿಯು ನಿಯಮವನ್ನು ಅಮಾನತಿನಲ್ಲಿಟ್ಟಿತು. ದೇಹದಲ್ಲಿ ಸಹಜವಾಗಿ ಹೆಚ್ಚಿರುವ ಟೆಸ್ಟೋಸ್ಟಿರಾನ್ ಎಷ್ಟು ಅನುಕೂಲ ಒದಗಿಸುತ್ತದೆ ಎಂಬುದಕ್ಕೆ ಒಕ್ಕೂಟ ಸಾಕಷ್ಟು ಆಧಾರ ಕೊಟ್ಟಿಲ್ಲವೆಂಬುದು ಅದರ ತೀರ್ಮಾನ. 2018ರಲ್ಲಿ ನಿಯಮ ಬೇರೆ ರೂಪದಲ್ಲಿ ಬಂತು. 400 ಮೀಟರಿನಿಂದ ಒಂದು ಮೈಲಿಯವರೆಗಿನ ಓಟಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿ ಮಿತಿಯನ್ನು 5ಕ್ಕೆ ಇಳಿಸಲಾಯಿತು. 100 ಮೀಟರಿನ ದ್ಯುತಿ ಪಾರಾದರು, ಅದೇ ವರ್ಷ ಜಕಾರ್ತಾ ಏಷ್ಯಾಡ್‌ನಲ್ಲಿ ಎರಡು ಬೆಳ್ಳಿ ಗೆದ್ದರು. 800 ಮೀಟರಿನ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಸಿಕ್ಕಿಬಿದ್ದರು.

ಈ ಎರಡು ಪ್ರಸಂಗಗಳಿಗಿಂತ ಭಿನ್ನವಾದ, ನೇರವಾಗಿ ಲಿಂಗಪರಿವರ್ತಿತ ಮಹಿಳೆಗೆ ಸಂಬಂಧಿಸಿದ ಪ್ರಕರಣವೊಂದು ಮಂಗಳೂರಿನಿಂದ ರೈಲಿನಲ್ಲಿ ಅರ್ಧ ದಿನವೂ ಬೇಕಿಲ್ಲದ ಕಲ್ಲಿಕೋಟೆಯಲ್ಲಿ ನಡೆಯಿತು. 2022ರಲ್ಲಿ ಕಲ್ಲಿಕೋಟೆ ಜಿಲ್ಲಾ ಜೂಡೋ ಸ್ಪರ್ಧೆಯ ಮಹಿಳಾ ವಿಭಾಗದಲ್ಲಿ ಭಾಗವಹಿಸಲು ಅವಕಾಶ ಕೋರಿ ಲಿಂಗಪರಿವರ್ತಿತ ಮಹಿಳೆಯೊಬ್ಬರು ಕೇರಳ ಹೈಕೋರ್ಟಿನ ಮೊರೆಹೊಕ್ಕರು. ನ್ಯಾಯಮೂರ್ತಿ ವಿ.ಜಿ. ಅರುಣ್ ಅವರು ನೀಡಿದ ಮಧ್ಯಂತರ ಆದೇಶದ ತಿರುಳು ಸರಳವಾದುದು: ಇಂಥವರಿಗಾಗಿ ಸಂಘಟಕರು ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಿಲ್ಲದಿರುವಾಗ, ಅವರು ಆರಿಸಿಕೊಂಡ ವಿಭಾಗದಲ್ಲಿ ತಾತ್ಕಾಲಿಕವಾಗಿ ಸ್ಪರ್ಧಿಸಲು ಬಿಡಬೇಕು. ದೇಹಸಾಮರ್ಥ್ಯದ ಪ್ರಶ್ನೆಯನ್ನು ಈ ಆದೇಶ ಇತ್ಯರ್ಥಪಡಿಸಲಿಲ್ಲವೆಂಬುದನ್ನು ಗಮನಿಸಬೇಕು. ಎರಡೂ ಬಾಗಿಲು ಮುಚ್ಚಿ ಒಬ್ಬ ಪ್ರಜೆಯನ್ನು ಅಂಗಳದಲ್ಲಿಯೇ ನಿಲ್ಲಿಸಲಾಗದು ಎಂಬಷ್ಟಕ್ಕೆ ಅದರ ವ್ಯಾಪ್ತಿ ಸೀಮಿತ. ಕೇರಳ ರಾಜ್ಯ ಕ್ರೀಡಾ ಮಂಡಳಿ 2017ರ ಏಪ್ರಿಲಿನಲ್ಲಿ ತಿರುವನಂತಪುರದಲ್ಲಿ ಲಿಂಗಪರಿವರ್ತಿತರಿಗಾಗಿಯೇ ಒಂದು ಕ್ರೀಡಾಕೂಟವನ್ನು ಏರ್ಪಡಿಸಿತ್ತು. ಸಂತೋಷದ ಸಂಗತಿಯೇ ಹೌದು. ಆದರೆ ವರ್ಷವಿಡೀ ಅಭ್ಯಾಸ ಮಾಡುವ ಜೂಡೋಪಟುವಿಗೆ ಒಂದು ದಿನದ ಉತ್ಸವ ಉತ್ತರವಾಗಲಾರದು.

ವಿಜ್ಞಾನ ಹೇಳುವುದು

ಇಲ್ಲಿ ಭಾವುಕತೆಯಿಂದ ಹೊರಬಂದು ಕೆಲವು ಅಂಕಿಗಳನ್ನು ನೋಡಬೇಕಾಗುತ್ತದೆ. 400 ಮೀಟರ್ ಓಟದ ಪುರುಷರ ವಿಶ್ವದಾಖಲೆ 2016ರಲ್ಲಿ ವೇಯ್ಡ್ ವಾನ್ ನೀಕರ್ಕ್ ಸ್ಥಾಪಿಸಿದ 43.03 ಸೆಕೆಂಡು, ಮಹಿಳೆಯರದು 1985ರಲ್ಲಿ ಪೂರ್ವ ಜರ್ಮನಿಯ ಮರೀಟಾ ಕೋಖ್ ಸ್ಥಾಪಿಸಿದ 47.60 ಸೆಕೆಂಡು. ಪೂರ್ವ ಜರ್ಮನಿಯಲ್ಲಿ ಸರಕಾರವೇ ನಡೆಸುತ್ತಿದ್ದ ಮದ್ದಿನ ಕಾರ್ಖಾನೆಯ ವಿಚಾರ ಈಗ ಗುಟ್ಟಲ್ಲ. ಆ ದಾಖಲೆಯನ್ನು ಯಥಾವತ್ತಾಗಿ ಒಪ್ಪಿಕೊಂಡರೂ ಅಂತರ ಶೇ. 10ನ್ನು ಮೀರುತ್ತದೆ. ಹರೆಯಕ್ಕೆ ಮುನ್ನ ಹುಡುಗ ಹುಡುಗಿಯರ ನಡುವೆ ಅಂತರ ಅಲ್ಪ; ಹರೆಯದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಿದಂತೆ ಎತ್ತರ, ಎಲುಬು, ಸ್ನಾಯು, ರಕ್ತದ ಹಿಮೋಗ್ಲೋಬಿನ್ ಎಲ್ಲವೂ ಬೇರೆಯಾಗುತ್ತವೆ. ಮಹಿಳಾ ವಿಭಾಗ ಎಂಬುದು ಇರುವುದೇ ಈ ಕಾರಣದಿಂದ. ಗೆರೆಯನ್ನು ಅಳಿಸಿಬಿಟ್ಟರೆ ಅಂತಿಮ ಓಟದ ಎಂಟು ಪಥಗಳಲ್ಲಿ ಹೆಂಗಸರು ಕಾಣಸಿಗುವುದಿಲ್ಲ.

ಹಾರ್ಮೋನ್ ಚಿಕಿತ್ಸೆ ಪಡೆದ ಮೇಲೆ ಈ ಅಂತರ ಎಷ್ಟು ಕುಗ್ಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಹಿಮೋಗ್ಲೋಬಿನ್ ಕೆಲವೇ ತಿಂಗಳುಗಳಲ್ಲಿ ಮಹಿಳೆಯರ ಮಟ್ಟಕ್ಕೆ ಇಳಿಯುತ್ತದೆ. ಆದರೆ ಎಮ್ಮಾ ಹಿಲ್ಟನ್ ಮತ್ತು ಟಾಮಿ ಲಂಡ್‌ಬರ್ಗ್ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಒಂದು ವರ್ಷದ ಚಿಕಿತ್ಸೆಯಿಂದ ಸ್ನಾಯುವಿನ ಗಾತ್ರ ಸುಮಾರು ಶೇ. 5ರಷ್ಟು ಮಾತ್ರ ಕುಗ್ಗುತ್ತದೆ. ಅಮೆರಿಕದ ವಾಯುಸೇನೆಯ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿದ ಮತ್ತೊಂದು ಅಧ್ಯಯನದಲ್ಲಿ, ಎರಡು ವರ್ಷಗಳ ಬಳಿಕ ದಂಡ ಮತ್ತು ಹೊಟ್ಟೆಯ ವ್ಯಾಯಾಮಗಳಲ್ಲಿ ವ್ಯತ್ಯಾಸ ಅಳಿಸಿಹೋದರೂ ಓಟದಲ್ಲಿ ಶೇ. 12ರಷ್ಟು ವೇಗ ಉಳಿದಿತ್ತು. ಇದಕ್ಕೆ ಪ್ರತಿಯಾಗಿ, ಒಲಿಂಪಿಕ್ ಸಮಿತಿಯ ನೆರವಿನಿಂದ ನಡೆದು 2024ರಲ್ಲಿ ಹೊರಬಂದ ಅಧ್ಯಯನವು ಲಿಂಗಪರಿವರ್ತಿತ ಮಹಿಳಾ ಕ್ರೀಡಾಪಟುಗಳ ಹಿಡಿತದ ಬಲ ಹೆಚ್ಚಿದ್ದರೂ ದೇಹತೂಕಕ್ಕೆ ಹೋಲಿಸಿದ ಜಿಗಿತ ಮತ್ತು ಆಮ್ಲಜನಕ ಬಳಕೆಯ ಸಾಮರ್ಥ್ಯ ಕಡಿಮೆಯೆಂದು ತೋರಿಸಿತು. ಇಂತಹ ಅಧ್ಯಯನಗಳಿಗೆ ಒಳಪಟ್ಟವರ ಸಂಖ್ಯೆ ಅತಿ ಚಿಕ್ಕದು. ಶೂಟಿಂಗ್, ಚದುರಂಗಗಳಿಗೂ ಕುಸ್ತಿ, ಓಟಗಳಿಗೂ ಒಂದೇ ಅಳತೆ ಸಲ್ಲದೆಂಬುದು ಮಾತ್ರ ಸ್ಪಷ್ಟ.

ಅಂತಾರಾಷ್ಟ್ರೀಯ ನಿಯಮಗಳ ಓಲಾಟ ಈ ಅನಿಶ್ಚಯದ ಪ್ರತಿಬಿಂಬ. ಅಮೆರಿಕದ ಟೆನಿಸ್ ಆಟಗಾರ್ತಿ ರೆನೆ ರಿಚರ್ಡ್ಸ್ 1977ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಿಂದ ಆದೇಶ ಪಡೆದು ಮಹಿಳಾ ವಿಭಾಗದಲ್ಲಿ ಆಡಿದರು. ಒಲಿಂಪಿಕ್ ಸಮಿತಿ 2003ರ ಸ್ಟಾಕ್‌ಹೋಮ್ ಒಡಂಬಡಿಕೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿಸಿತು. 2015ರಲ್ಲಿ ಅದನ್ನು ಬಿಟ್ಟು ಹಾರ್ಮೋನ್ ಮಟ್ಟವನ್ನು ಹಿಡಿಯಿತು. 2021ರಲ್ಲಿ ನಿರ್ಧಾರವನ್ನು ಆಯಾ ಕ್ರೀಡೆಯ ಒಕ್ಕೂಟಗಳಿಗೆ ವಹಿಸಿತು. ಅದೇ ವರ್ಷ ಟೋಕಿಯೊದಲ್ಲಿ ನ್ಯೂಜಿಲೆಂಡಿನ ಲಾರೆಲ್ ಹಬ್ಬರ್ಡ್ ಭಾರ ಎತ್ತಲು ಬಂದು ಮೂರೂ ಯತ್ನಗಳಲ್ಲಿ ವಿಫಲರಾದರು. ಗಂಡುಹರೆಯವನ್ನು ದಾಟಿದವರಿಗೆ ಮಹಿಳಾ ವಿಭಾಗವನ್ನು ಮುಚ್ಚುವ ನಿಯಮವನ್ನು ಈಜು ಒಕ್ಕೂಟ 2022ರಲ್ಲಿ, ವಿಶ್ವ ಅಥ್ಲೆಟಿಕ್ಸ್ 2023ರ ಮಾರ್ಚಿನಲ್ಲಿ ತಂದವು. ಕೆನಡಾದ ಡೇನಿಯೆಲ್ ಮೆಕ್‌ಗಾಹಿ ಅಂತಾರಾಷ್ಟ್ರೀಯ ಟಿ20 ಪಂದ್ಯಗಳಲ್ಲಿ ಆಡಿದ ಕೆಲವೇ ವಾರಗಳಲ್ಲಿ, 2023ರ ನವೆಂಬರಿನಲ್ಲಿ, ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯೂ ಅದೇ ದಾರಿ ಹಿಡಿಯಿತು. 2025ರ ಸೆಪ್ಟೆಂಬರಿನ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಿಂದ ಮಹಿಳಾ ಸ್ಪರ್ಧಿಗಳೆಲ್ಲರಿಗೂ ಒಂದು ಬಾರಿಯ ವಂಶವಾಹಿ ಪರೀಕ್ಷೆಯನ್ನು ವಿಶ್ವ ಅಥ್ಲೆಟಿಕ್ಸ್ ಕಡ್ಡಾಯಗೊಳಿಸಿತು. 1999ರಲ್ಲಿ ಕೈಬಿಟ್ಟ ಕೆನ್ನೆಯ ಪರೀಕ್ಷೆ ಕಾಲು ಶತಮಾನದ ಬಳಿಕ ಹೊಸ ಉಪಕರಣದೊಡನೆ ಮರಳಿತು.

ಕರಾವಳಿಯ ನೆಲದಲ್ಲಿ

1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದ ಮಂಗಳೂರು ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಮುಂದಿದ್ದ ಪಟ್ಟಣ, ಆಟದಲ್ಲಿಯೂ ಹಿಂದುಳಿಯಲಿಲ್ಲ. ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ 2014ರ ಇಂಚಿಯಾನ್ ಏಷ್ಯಾಡ್‌ನಲ್ಲಿ 400 ಮೀಟರ್ ಕಂಚು ಮತ್ತು ರಿಲೇ ಚಿನ್ನ, 2018ರಲ್ಲಿ ಮತ್ತೆ ರಿಲೇ ಚಿನ್ನ ಗೆದ್ದರು. ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2010 ಮತ್ತು 2014ರಲ್ಲಿ ಏಷ್ಯಾಡ್ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿದ್ದರು. ಇಲ್ಲಿನ ಹುಡುಗಿಯರಿಗೆ ಪದಕವೆಂದರೆ ಗೋಡೆಯ ಅಲಂಕಾರವಲ್ಲ. ಕಾಲೇಜಿನ ಕ್ರೀಡಾ ಕೋಟಾದ ಸೀಟು, ಹಾಸ್ಟೆಲು, ಮುಂದೆ ರೈಲ್ವೆ, ಪೊಲೀಸು, ಸಾರ್ವಜನಿಕ ಉದ್ದಿಮೆಗಳಲ್ಲಿ ನೌಕರಿ. ಅಂತಿಮ ಓಟದಲ್ಲಿ ಒಂದು ಪಥ ಕೈತಪ್ಪಿದರೆ ಒಂದು ಕುಟುಂಬದ ಬದುಕಿನ ದಾರಿ ತಪ್ಪಬಹುದು. ಆದುದರಿಂದ ಸಮಾನ ಸ್ಪರ್ಧೆಗಾಗಿ ಮಹಿಳಾ ಕ್ರೀಡಾಪಟುಗಳು ಎತ್ತುವ ಆಕ್ಷೇಪವನ್ನು ಪೂರ್ವಗ್ರಹವೆಂದು ತಳ್ಳಿಹಾಕುವುದು ಸಾಧುವಲ್ಲ.

ತುಳುನಾಡು ಲಿಂಗದ ಗೆರೆಯನ್ನು ಸಡಿಲವಾಗಿ ಕಂಡ ನಾಡೆಂಬ ಮಾತನ್ನು ಆಗಾಗ ಕೇಳುತ್ತೇವೆ. ಮೀಸೆಯೂ ಮೊಲೆಯೂ ಉಳ್ಳ ಜುಮಾದಿ ದೈವ, ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರಂತಹ ಸ್ತ್ರೀವೇಷಧಾರಿಗಳು ಇದಕ್ಕೆ ನಿದರ್ಶನಗಳೆಂದು ಉದಾಹೃತವಾಗುತ್ತಾರೆ. ಈ ಸಾದೃಶ್ಯವನ್ನು ಬಹುದೂರ ಎಳೆಯಲಾಗದು. ಬಣ್ಣ ಕಳಚಿದ ಮೇಲೆ ಸ್ತ್ರೀವೇಷಧಾರಿ ಮನೆಯ ಯಜಮಾನ. ಕೋಲ ಮುಗಿದ ಮೇಲೆ ದೈವ ಮಾಯ. ಹಗಲಿಡೀ ಹೆಣ್ಣಾಗಿ ಬಾಳುವವರಿಗೆ ಅದೇ ಊರು ಬಾಡಿಗೆ ಮನೆ ಕೊಡಲು ಹಿಂಜರಿಯುತ್ತದೆ.

ಕಾನೂನಿನ ನಡೆ ಇದಕ್ಕಿಂತ ತೀವ್ರವಾದುದು. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಕಲಮನ್ನು ಸೇರಿಸಿ ಲಿಂಗಪರಿವರ್ತಿತರನ್ನು ಸಂಶಯಿತರಂತೆ ಪಟ್ಟಿಮಾಡಲು ಅವಕಾಶ ಕಲ್ಪಿಸಲಾಗಿತ್ತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದಲ್ಲಿ ಲಿಂಗತ್ವದ ಸ್ವಯಂನಿರ್ಣಯವನ್ನು ಎತ್ತಿಹಿಡಿಯಿತು. ಪೊಲೀಸ್ ಕಾಯ್ದೆಯ ಆ ಕಲಮಿನ ಹೀನಾರ್ಥದ ಪದ ಮುಂದೆ ತಿದ್ದುಪಡಿಯಾಯಿತು. 2017ರಲ್ಲಿ ಕರ್ನಾಟಕ ತನ್ನ ನೀತಿಯನ್ನು ರೂಪಿಸಿತು. 2021ರಲ್ಲಿ ರಾಜ್ಯದ ಹುದ್ದೆಗಳಲ್ಲಿ ಶೇ. 1ರ ಮೀಸಲಾತಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ವಿಶೇಷ ಮೀಸಲು ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಅವರಿಂದಲೂ ಅರ್ಜಿ ಕರೆಯಲಾಯಿತು. ಪಟ್ಟಿಮಾಡಿ ಕಾಯುತ್ತಿದ್ದ ಇಲಾಖೆ ಹತ್ತು ವರ್ಷಗಳಲ್ಲಿ ಸಮವಸ್ತ್ರ ಕೊಡಲು ಮುಂದಾದುದು ಗಮನಾರ್ಹ. ಕಲಾಕ್ಷೇತ್ರದಲ್ಲಿ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಕ್ರೀಡಾಕ್ಷೇತ್ರ ಇಂತಹ ಒಂದು ಹೆಸರನ್ನು ಇನ್ನೂ ಕಾಣಬೇಕಾಗಿದೆ.

ಪೊಲೀಸ್ ನೇಮಕಾತಿಯಲ್ಲಿ ದೇಹದಾರ್ಢ್ಯ ಪರೀಕ್ಷೆ ಇರುವುದರಿಂದ ತಮಿಳುನಾಡಿನ ಕೆ. ಪೃತಿಕಾ ಯಾಶಿನಿ ಅವರ ಪ್ರಕರಣ ನಮ್ಮ ವಿಷಯಕ್ಕೆ ತೀರ ಸಮೀಪದ್ದು. ಸಬ್ ಇನ್‌ಸ್ಪೆಕ್ಟರ್ ಆಯ್ಕೆಯಲ್ಲಿ 100 ಮೀಟರ್ ಓಟವನ್ನು ನಿಗದಿತ ಅವಧಿಗಿಂತ ಸುಮಾರು ಒಂದು ಸೆಕೆಂಡು ತಡವಾಗಿ ಮುಗಿಸಿದರೆಂದು ತಡೆಹಿಡಿಯಲ್ಪಟ್ಟ ಆಕೆಯ ಪರವಾಗಿ ಮದರಾಸು ಹೈಕೋರ್ಟು 2015ರ ನವೆಂಬರಿನಲ್ಲಿ ತೀರ್ಪಿತ್ತಿತು. ಲಿಂಗಪರಿವರ್ತಿತ ಮಹಿಳೆಯೆಂದರೆ ಓಟದಲ್ಲಿ ಗೆದ್ದೇ ಗೆಲ್ಲುತ್ತಾಳೆಂಬ ಜನರ ಕಲ್ಪನೆಗೆ ಇದು ಹೊಂದುವುದಿಲ್ಲ. ಸರಾಸರಿಯ ಅಂಕಿಗಳು ಒಬ್ಬ ವ್ಯಕ್ತಿಯ ಕಾಲನ್ನು ಅಳೆಯಲಾರವು. ನಮ್ಮ ಜಿಲ್ಲೆಗಳಲ್ಲಿ ನಿಜವಾಗಿ ಎದುರಾಗುವ ಸಮಸ್ಯೆ ಒಲಿಂಪಿಕ್ ವೇದಿಕೆಯದಲ್ಲ. ಕಾಲೇಜಿನ ಥ್ರೋಬಾಲ್ ತಂಡದ್ದು, ತಾಲೂಕು ಕೂಟದ ಗುಂಡೆಸೆತದ್ದು, ಯಾವ ಕೋಣೆಯಲ್ಲಿ ಬಟ್ಟೆ ಬದಲಿಸಬೇಕೆಂಬುದರದು. ವಿಶ್ವ ಅಥ್ಲೆಟಿಕ್ಸ್‌ನ ನಿಯಮವು ಅದು ನಡೆಸುವ ಕೂಟಗಳಿಗೆ ಬೇಕಾಗಿ ರಚಿತವಾದುದು. ಅದನ್ನು ಹಾಗೆಯೇ ತಾಲೂಕಿಗೆ ಇಳಿಸಿದರೆ ವಂಶವಾಹಿ ಪರೀಕ್ಷೆ ಮಾಡಿಸಲು ಹಣವಿಲ್ಲದ ಕಡೆ ದೈಹಿಕ ಶಿಕ್ಷಣ ಶಿಕ್ಷಕರ ಕಣ್ಣೇ ಪರೀಕ್ಷೆಯ ಉಪಕರಣವಾಗುತ್ತದೆ. ಅಂದರೆ ಬುಡಾಪೆಸ್ಟಿನ ಕೋಣೆ ಶಾಲೆಯ ಹಿತ್ತಿಲಿಗೆ ಬರುತ್ತದೆ. ರಾಷ್ಟ್ರಮಟ್ಟದ ಆಯ್ಕೆ, ಪದಕ, ನೌಕರಿಗಳು ಸೇರಿಕೊಂಡ ಸ್ಪರ್ಧೆಗಳಲ್ಲಿ ಹರೆಯವನ್ನು ಆಧರಿಸಿದ ನಿರ್ಬಂಧಕ್ಕೆ ಸಮರ್ಥನೆಯಿದೆ ಎಂದು ಒಪ್ಪಿಕೊಂಡರೂ ಅದರ ಕೆಳಗಿನ ಹಂತಗಳಲ್ಲಿ ಅಂತಹ ಸಮರ್ಥನೆ ಕಾಣದು. ಕಬಡ್ಡಿಯಲ್ಲಿ ತೂಕದ ಮಿತಿಯನ್ನೂ ಶಾಲಾ ಕೂಟಗಳಲ್ಲಿ ವಯೋಮಿತಿಯನ್ನೂ ಇಟ್ಟು ಆಡಿಸುವ ನಮ್ಮ ಸಂಘಟಕರಿಗೆ ದೇಹಗಳನ್ನು ಬೇರೆ ಬೇರೆ ಬಗೆಯಲ್ಲಿ ವಿಂಗಡಿಸುವ ವಿದ್ಯೆ ಹೊಸತಲ್ಲ.

2019ರಲ್ಲಿ ಸಂಸತ್ತು ಅಂಗೀಕರಿಸಿದ ಲಿಂಗಪರಿವರ್ತಿತ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆಯು ತನ್ನ 13ನೆಯ ಕಲಮಿನಲ್ಲಿ, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಿಕ್ಷಣಸಂಸ್ಥೆಯೂ ಇವರಿಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನು ಭೇದವಿಲ್ಲದೆ, ಇತರರಿಗೆ ಸಮನಾಗಿ ಒದಗಿಸಬೇಕೆಂದು ವಿಧಿಸಿತು. ಯಾವ ವಿಭಾಗದಲ್ಲಿ ಎಂಬುದನ್ನು ಅದು ಹೇಳಲಿಲ್ಲ. ಆ ಮೌನವನ್ನು ತುಂಬುವ ಕೆಲಸ ವಿಶ್ವವಿದ್ಯಾನಿಲಯಗಳ ದೈಹಿಕ ಶಿಕ್ಷಣ ವಿಭಾಗಗಳದು, ಜಿಲ್ಲಾ ಕ್ರೀಡಾ ಸಂಘಗಳದು. ಅವು ಮಾಡದಿದ್ದಲ್ಲಿ ನ್ಯಾಯಾಲಯಗಳದು. ತಲಪಾಡಿಯ ಗಡಿ ಈ ದೃಷ್ಟಿಯಿಂದ ಕುತೂಹಲಕರವಾದುದು. ಗಡಿಯಾಚೆ ಮಂಜೇಶ್ವರದಲ್ಲಿರುವ ಕನ್ನಡಿತಿ 2015ರಲ್ಲಿಯೇ ಲಿಂಗಪರಿವರ್ತಿತರ ನೀತಿಯನ್ನು ಪ್ರಕಟಿಸಿದ ರಾಜ್ಯದ ಪ್ರಜೆ. ಕಲ್ಲಿಕೋಟೆಯ ಜೂಡೋಪಟುವಿಗೆ ದೊರೆತ ಮಧ್ಯಂತರ ಆದೇಶವನ್ನು ತನ್ನ ರಾಜ್ಯದ ಹೈಕೋರ್ಟಿನ ಮುಂದೆ ಆಕೆ ನೇರವಾಗಿ ಎತ್ತಿತೋರಬಹುದು. ಈಚೆ ಉಳ್ಳಾಲದಲ್ಲಿರುವವಳಿಗೆ ಅದು ಬೇರೊಂದು ಹೈಕೋರ್ಟಿನ ಆದೇಶ. ಬೆಂಗಳೂರಿನ ನ್ಯಾಯಪೀಠ ಅದನ್ನು ಓದಿ ಮನಗಾಣಬಹುದೇ ಹೊರತು ಪಾಲಿಸಲೇಬೇಕೆಂದಿಲ್ಲ.